ಎಡಕ್ಕೆ ತಿರುಗದ ಕಾರು

ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಆ ಕಾಲಕ್ಕೆ ಕಾರು ಇಟ್ಟವರು ಒಬ್ಬರೂ ಇರಲಿಲ್ಲ. ಕಾರು ಮಾಡಿದವರು ಮಾತ್ರ ಒಬ್ಬರಿದ್ದರು. ಅವರೇ ಲಕ್ಷ್ಮೀನಾರಾಯಣ ರಾಯರು.

ರಾಯರು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅಲ್ಲಿ ಅವರ ಲೆಕ್ಕ ಎಂದೂ ತಪ್ಪಿದ್ದಿಲ್ಲ; ಸಂಘದ ಬಾಗಿಲು ದಾಟಿ ಹೊರಗೆ ಬಂದ ಮೇಲೆ ಸರಿಹೋದದ್ದೂ ಇಲ್ಲ. ಸಂತೆಯಲ್ಲಿ ತಮ್ಮ ಚೀಲ ಬಿಟ್ಟು ಇನ್ನಾರದೋ ಚೀಲ ಹಿಡಿದು ಬಂದು, ಅದರೊಳಗಿದ್ದ ಹಾಗಲಕಾಯಿಯನ್ನು ಮನೆಮಂದಿಯೆಲ್ಲ ವಾರವಿಡೀ ತಿನ್ನುವಂತೆ ಮಾಡಿದವರು. ಕೋಲಾರದಲ್ಲಿ ನೆಂಟರ ಮದುವೆಗೆಂದು ಹೋಗಿ, ಪಕ್ಕದ ಛತ್ರದ ಮದುವೆಯಲ್ಲಿ ಮುಯ್ಯಿ ಮಾಡಿ, ಊಟ ಮುಗಿಸಿ, ಗುರುತೇ ಇಲ್ಲದ ವಧೂವರರ ಜೊತೆ ನಗುನಗುತ್ತಾ ಫೋಟೋ ತೆಗೆಸಿಕೊಂಡು ಬಂದವರು. ಆದರೆ ಕೈಗೊಂದು ಸ್ಕ್ರೂ ಡ್ರೈವರ್ ಕೊಟ್ಟರೆ ಅದೇ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದರು. ಮುಖದಲ್ಲಿ ಒಂದು ಕಳೆ, ಕೈಯಲ್ಲಿ ಒಂದು ನಿಧಾನ. ಆಗ ಅವರನ್ನು ನೋಡಿದವರಿಗೆ ಹಾಗಲಕಾಯಿಯ ವಿಷಯ ಹೇಳಿದರೆ ನಂಬುತ್ತಿರಲಿಲ್ಲ.

ತೊಂಬತ್ತೇಳನೇ ಇಸವಿಯ ಬೇಸಿಗೆಗೆ ಮೊದಲು ರಾಯರ ಹೆಂಡತಿ ರಾಧಮ್ಮನವರ ತಮ್ಮ ಮುಕುಂದ್ ಮಾಲೂರಿನಿಂದ ಬಂದ. ಅವನದು ಹೆಂಚಿನ ಕಾರ್ಖಾನೆ. ಸಿಂಗಪುರಕ್ಕೆ ಹೋಗಿ ಬಂದಿದ್ದ. ಹೋಗಿ ಬಂದದ್ದು ಎಲ್ಲರಿಗೂ ಗೊತ್ತಾಗಲಿ ಎಂದು ಮಗ ಕೌಸ್ತುಭನಿಗೆ ಒಂದು ರಿಮೋಟ್ ಕಾರು ತಂದಿದ್ದ. ಕೆಂಪು ಕಾರು ರಾಯರ ನಡುಮನೆಯಲ್ಲಿ ಸುಂಯ್ ಎಂದು ಓಡಿತು, ಹಿಂದಕ್ಕೆ ಬಂತು, ಕಂಬ ಸುತ್ತಿತು. ರಾಯರಿಗೆ ಕೈ ತಡೆಯಲಿಲ್ಲ. ರಿಮೋಟಿನ ಹಿಂಭಾಗದ ಸ್ಕ್ರೂ ಯಾವ ನಮೂನೆಯದು ಎಂದು ನೋಡಲು ಎತ್ತಿಕೊಂಡರು.

"ಭಾವ, ಭಾವ! ಮುಟ್ಟಬೇಡಿ," ಎಂದು ಮುಕುಂದ್ ಎದ್ದೇ ಬಂದ. "ಫಾರಿನ್ದು. ಕೆಟ್ರೆ ನಿಮ್ಮ ಮುಳಬಾಗಿಲಲ್ಲಿ ಯಾರಿಗೂ ರಿಪೇರಿ ಮಾಡಕ್ಕಾಗಲ್ಲ."

"ರಿಪೇರಿ ಏನು, ಇದನ್ನ ಹೊಸದಾಗೇ ನಾನು ಮನೇಲಿ ಮಾಡ್ತೀನಿ," ಎಂದರು ರಾಯರು.

ಮುಕುಂದ್ ನಕ್ಕ. ರಾಧಮ್ಮನವರೂ ತಮ್ಮನ ಜೊತೆ ಸ್ವಲ್ಪ ನಕ್ಕರು. ಬೇರೆ ಯಾರಾದರೂ ಆಡಿದ್ದರೆ ಆ ಮಾತು ಕಾಫಿಯ ಜೊತೆಯೇ ಇಳಿದು ಹೋಗುತ್ತಿತ್ತು. ರಾಯರು ಕಾಫಿ ಕುಡಿಯುವುದನ್ನು ಮರೆತು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಬಲಗಾಲಿನದು ಅವರದು, ಎಡಗಾಲಿನದು ಮುಕುಂದನದು.

ಹೋದದ್ದು ಗೌಸ್ ಮೊಹಿದ್ದೀನ್ ಅಂಗಡಿಗೆ. ಗೌಸ್ ಭಾಯ್ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುವವರು. ಅವರು ಬಿಚ್ಚಿ ಸೇರಿಸಿದ ಯಾವ ರೇಡಿಯೋದಲ್ಲೂ ಕೊನೆಗೆ ಒಂದೆರಡು ಸಾಮಾನು ಹೊರಗೆ ಉಳಿಯದೆ ಇರುತ್ತಿರಲಿಲ್ಲ. ಆಶ್ಚರ್ಯವೆಂದರೆ ರೇಡಿಯೋ ಹಾಡುತ್ತಿತ್ತು. "ಕಂಪನಿಯವ್ರು ಜಾಸ್ತಿ ಹಾಕಿರ್ತಾರೆ ಸಾಮಿ, ನಾನು ಕಮ್ಮಿ ಮಾಡ್ತೀನಿ," ಎಂಬುದು ಅವರ ವಿವರಣೆ. ಹೀಗೆ ಊರಿನ ಎಲ್ಲ ರೇಡಿಯೋಗಳಿಂದ ಉಳಿದ ಸಾಮಾನು ಒಂದು ದೊಡ್ಡ ಡಬ್ಬಿಯ ತುಂಬ ಇತ್ತು. ರಾಯರು ತಮ್ಮ ಯೋಚನೆ ಹೇಳಿದ ಕೂಡಲೇ ಗೌಸ್ ಭಾಯ್ ಆ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು.

"ತಗೊಳ್ಳಿ ಸಾಮಿ. ಕಾರೇನು, ಇದ್ರಲ್ಲಿ ಹುಡುಕಿದ್ರೆ ವಿಮಾನ ಸಿಗತ್ತೆ."

ಕೆಲಸ ಶುರುವಾಯಿತು. ಗುಂಡಿ ಒತ್ತಿದರೆ ಕೈಯಲ್ಲಿರುವ ಪೆಟ್ಟಿಗೆಯಿಂದ ರೇಡಿಯೋ ಅಲೆ ಹೊರಡಬೇಕು. ಕಾರಿನೊಳಗಿನ ಇನ್ನೊಂದು ಪುಟ್ಟ ಯಂತ್ರ ಅದನ್ನು ಹಿಡಿಯಬೇಕು. ಹಿಡಿದ ಕೂಡಲೇ ಮೋಟಾರು ತಿರುಗಬೇಕು. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಆ ಮನೆಯ ಅರ್ಧ ಸಂಸಾರವೇ ಬೇಕಾಯಿತು. ರಿಮೋಟಿನ ಪೆಟ್ಟಿಗೆಗೆ ಬಚ್ಚಲಿನ ಸೋಪಿನ ಡಬ್ಬಿ ಹೋಯಿತು. ಅಲೆ ಕಳಿಸುವ ಏರಿಯಲ್‌ಗೆ ಛತ್ರಿಯ ಕಡ್ಡಿ ಹೋಯಿತು. ತಂತಿ ಸುತ್ತಲು ಬರೆದು ಮುಗಿದ ರೀಫಿಲ್ಲು, ಚಕ್ರಕ್ಕೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ, ಮೈಗೆ ತುಪ್ಪದ ಡಬ್ಬದ ತಗಡು. ಮುಂದಿನ ಚಕ್ರ ತಿರುಗಿ ಮತ್ತೆ ನೆಟ್ಟಗಾಗಲು ಒಂದು ಸ್ಪ್ರಿಂಗ್ ಬೇಕಿತ್ತು. ರಾಧಮ್ಮನವರ ತಲೆಯ ಕ್ಲಿಪ್ಪು ಮಾಯವಾಯಿತು. ಒತ್ತುವ ಗುಂಡಿಗೆ ಮನೆಯ ಕಾಲಿಂಗ್ ಬೆಲ್ಲನ್ನೇ ಬಿಚ್ಚಿದರು. ಮನೆಗೆ ಬಂದವರು ಬಾಗಿಲ ಪಕ್ಕದಲ್ಲಿ ಜೋಲುವ ಎರಡು ತಂತಿ ನೋಡಿ ಹೆದರಿ, ಬೀದಿಯಿಂದಲೇ ಕೂಗತೊಡಗಿದರು.

ಮೊದಲ ಸಲ ಗುಂಡಿ ಒತ್ತಿದಾಗ ಕಾರು ಕದಲಲಿಲ್ಲ. ಪಕ್ಕದ ಮನೆಯ ಭಾರತಮ್ಮ ಮಾತ್ರ ಕಿರುಚಿದರು.

ಅವರ ಮನೆಯ ಟೀವಿಯಲ್ಲಿ ಧಾರಾವಾಹಿ ಬರುತ್ತಿತ್ತು. ಅತ್ತೆ ಸೊಸೆಗೆ ಇನ್ನೇನು ನಿಜ ಹೇಳಬೇಕು, ಅಷ್ಟರಲ್ಲಿ ಪರದೆಯ ತುಂಬ ಗೆರೆ. ಭಾರತಮ್ಮನವರ ಯಜಮಾನರು, ನಿವೃತ್ತ ಮೇಷ್ಟ್ರು, ಪಂಚೆ ಎತ್ತಿ ಕಟ್ಟಿ ತಾರಸಿ ಹತ್ತಿ ಆಂಟೆನಾ ತಿರುಗಿಸಿದರು.

"ಬಂತಾ?"

"ಬಂತು!" ರಾಯರು ಗುಂಡಿ ಬಿಟ್ಟಿದ್ದರು.

ಮೇಷ್ಟ್ರು ಇಳಿದರು. ರಾಯರು ಮತ್ತೆ ಒತ್ತಿದರು.

"ಹೋಯ್ತು ಕಣ್ರೀ! ಹತ್ರೀ ಮೇಲೆ!"

ಮೇಷ್ಟ್ರು ಮತ್ತೆ ಹತ್ತಿದರು. ಈ ಕಡೆ ರಾಯರ ಮುಖ ಅರಳಿತು. ಅಲೆ ಹೊರಡುತ್ತಿದೆ! ಅಂದಿನಿಂದ ಭಾರತಮ್ಮನವರ ದನಿಯೇ ಅವರಿಗೆ ಮೀಟರು. ಅವರೊಬ್ಬರೇ ಕೂಗಿದರೆ ಶಕ್ತಿ ಕಡಿಮೆ, ಆಚೆ ಮನೆಯವರೂ ಕೂಗಿದರೆ ಪರವಾಗಿಲ್ಲ, ಬೀದಿಯ ಕೊನೆಯಲ್ಲಿ ಯಾರಾದರೂ ಬೈದದ್ದು ಕೇಳಿಸಿದರೆ ಗೌಸ್ ಭಾಯ್ ಎದ್ದು ನಿಂತು, "ಕ್ಯಾ ಬಾತ್ ಹೈ ಸಾಮಿ! ಮೂಲೆ ಮನೆವರೆಗೂ ಮುಟ್ಟಿದೀವಿ," ಎಂದು ಕೈಕುಲುಕುತ್ತಿದ್ದರು. ಮೇಷ್ಟ್ರು ಆ ತಿಂಗಳು ತಾರಸಿ ಹತ್ತಿ ಇಳಿದು ಸಣ್ಣಗಾದರು. ಸಕ್ಕರೆ ಕಾಯಿಲೆಗೆ ಒಳ್ಳೆಯದಾಯಿತೆಂದು ಆಮೇಲೆ ಡಾಕ್ಟರು ಹೇಳಿದರಂತೆ.

ಕೊನೆಗೊಂದು ಭಾನುವಾರ ಕಾರು ಓಡಿತು. ರಾಯರು ಗುಂಡಿ ಒತ್ತಿರಲಿಲ್ಲ, ಅಷ್ಟೇ. ಬೀದಿಯಲ್ಲಿ ಒಂದು ಸ್ಕೂಟರು ಹೋಯಿತು, ಕಾರು ತಾನಾಗಿ ಹೊರಟು ದೇವರ ಮನೆಗೆ ನುಗ್ಗಿತು. ಸ್ಕೂಟರಿನ ಪ್ಲಗ್ಗಿನಲ್ಲಿ ಹಾರುವ ಕಿಡಿಯೂ ಒಂದು ಅಲೆಯೇ. ಕಾರು ಪಾಪ, ಅದನ್ನೂ ಯಜಮಾನರ ಅಪ್ಪಣೆ ಎಂದುಕೊಂಡಿತ್ತು. ಗೌಸ್ ಭಾಯ್ ಎಲ್ಲಿಂದಲೋ ಒಂದು ಕಂಡೆನ್ಸರ್ ಕಿತ್ತು ಹಾಕಿದ ಮೇಲೆ ದೂರದ ಸ್ಕೂಟರುಗಳ ಮಾತನ್ನು ಕೇಳುವುದು ಬಿಟ್ಟಿತು. ತೀರಾ ಹತ್ತಿರ ಬಂದರೆ ಮಾತ್ರ ಒಮ್ಮೊಮ್ಮೆ ಮನಸ್ಸು ಚಂಚಲವಾಗುತ್ತಿತ್ತು. ಇನ್ನು ಗುಂಡಿಗಳು ಎರಡು: ಒಂದು ಮುಂದಕ್ಕೆ, ಇನ್ನೊಂದು ಬಲಕ್ಕೆ. ಎಡಕ್ಕೆ ತಿರುಗಿಸುವಷ್ಟು ಸಾಮಾನು ಡಬ್ಬಿಯಲ್ಲಿ ಉಳಿದಿರಲಿಲ್ಲ.

"ಪರವಾಗಿಲ್ಲ ಗೌಸ್ ಭಾಯ್," ಎಂದರು ರಾಯರು. "ಬಲಕ್ಕೇ ತಿರುಗ್ತಾ ಹೋದ್ರೆ ಯಾವಾಗಲೋ ಒಂದು ಸಲ ಎಡಕ್ಕೂ ಬಂದೇ ಬರ್ತೀವಿ."

ಇಷ್ಟರೊಳಗೆ ಭಾರತಮ್ಮ ಜಗಳಕ್ಕೆಂದೇ ರಾಧಮ್ಮನವರ ಅಡುಗೆಮನೆಗೆ ಬಂದಾಗಿತ್ತು.

"ರಾಧಮ್ಮಾ, ನಿಮ್ಮನೆಯವ್ರು ಒಳಗೆ ಕೂತ್ಕೊಂಡು ಏನ್ರೀ ಮಾಡ್ತಿರೋದು? ನಮ್ಮನೆಯವ್ರು ಕೋತಿ ಥರ ತಾರಸಿ ಮೇಲೇ ಇರೋ ಹಾಗಾಗಿದೆ!"

ಐವತ್ತರ ಹತ್ತಿರದ ಗಂಡ ಆಟದ ಸಾಮಾನು ಮಾಡುತ್ತಿದ್ದಾನೆ ಎಂದು ಯಾವ ಹೆಂಗಸು ತಾನೇ ಪಕ್ಕದ ಮನೆಯವರಿಗೆ ಹೇಳಿಯಾಳು? ರಾಧಮ್ಮನವರು ಒಂದೇ ಒಂದು ಪದವನ್ನು ನುಂಗಿಕೊಂಡರು.

"ಕಾರು ಮಾಡ್ತಿದಾರೆ."

"ಕಾರಾ! ಎಲ್ಲಿ?"

"ನಡುಮನೇಲಿ."

"ನಡುಮನೇಲಿ ಹಿಡಿಸತ್ತೇನ್ರೀ?"

"ಚಿಕ್ಕದು."

"ಮಾರುತಿನಾ?"

"ಅದಕ್ಕಿಂತ ಚಿಕ್ಕದು."

"ನಾಲ್ಕು ಜನ ಕೂರಬೋದಾ?"

"ಯಾರೂ ಕೂರೋ ಹಾಗಿಲ್ಲ. ಅದು ತಾನೇ ಓಡತ್ತೆ. ವೈರ್‌ಲೆಸ್ಸು."

ಭಾರತಮ್ಮ ಜಗಳ ಮರೆತು ಎದ್ದರು. ತಾನೇ ಓಡುವ ಕಾರು ಪಕ್ಕದ ಮನೆಯಲ್ಲಿ ತಯಾರಾಗುತ್ತಿರುವಾಗ ಅತ್ತೆ ಸೊಸೆಗೆ ಏನು ಹೇಳಿದಳು ಎಂಬುದು ಯಾರಿಗೆ ಬೇಕು? ಹೂ ಮಾರುವವಳಿಗೆ ಹೇಳಿದರು, ಹಾಲಿನವನಿಗೆ ಹೇಳಿದರು, ಗುಡಿಯಲ್ಲಿ ಹೇಳಿದರು. ಸಂಜೆಗೆ ಸುದ್ದಿ ಬಸ್ ಸ್ಟ್ಯಾಂಡು ಮುಟ್ಟಿತು. ಅಲ್ಲಿಂದ ಶ್ರೀನಿವಾಸಪುರದ ಬಸ್ಸು ಹತ್ತಿ, ಯಲ್ದೂರಲ್ಲಿ ಇಳಿದು, ರಾಯಲ್ಪಾಡಿನವರೆಗೂ ಹೋಯಿತು. ಹೋಗುತ್ತಾ ಹೋಗುತ್ತಾ ಆ ಕಾರಿಗೆ ನಾಲ್ಕು ಬಾಗಿಲು ಬಂದವು, ಮೇಲೆ ಕ್ಯಾರಿಯರ್ ಬಂತು, ಹಿಂದೆ ಒಂದು ಟನ್ನು ಮಾಲು ಎಳೆಯುವ ಶಕ್ತಿಯೂ ಬಂತು.

ಸಂಘದಲ್ಲಿ ಕಾರ್ಯದರ್ಶಿಗಳು ರಾಯರನ್ನು ಕರೆದು ಎದುರು ಕುರ್ಚಿಯಲ್ಲಿ ಕೂರಿಸಿಕೊಂಡರು.

"ಕಾರು ಮಾಡ್ತಿದೀರಂತೆ ರಾಯರೇ?"

"ಹೌದು ಸಾರ್. ಮಾಡೆಲ್ ಕಾರು."

"ಯಾವ ಮಾಡೆಲ್ಲು?"

"ನಂದೇ ಮಾಡೆಲ್ಲು ಸಾರ್."

ಕಾರ್ಯದರ್ಶಿಗಳು ಅರ್ಧ ಎದ್ದು ಕೈ ಕೊಟ್ಟರು. ಯಾಕಿಷ್ಟು ಗೌರವ ಎಂದು ರಾಯರಿಗೆ ಹೊಳೆಯಲಿಲ್ಲ. ಕಷ್ಟಪಟ್ಟದ್ದಕ್ಕೆ ಬೆಲೆ ಸಿಗುತ್ತಿದೆ ಎಂದುಕೊಂಡು ಸಂತೋಷಪಟ್ಟರು. ಆ ವಾರ ಬೀದಿಯಲ್ಲಿ ಸಿಕ್ಕವರೆಲ್ಲ ನಮಸ್ಕಾರ ಮಾಡಿದರು. ರಾಯರೂ ಸ್ವಲ್ಪ ಎದೆ ಮುಂದೆ ಮಾಡಿಕೊಂಡು ನಡೆಯತೊಡಗಿದರು. ಹಾಗೆ ನಡೆದು ಎರಡು ಸಲ ನಮ್ಮ ಮನೆಯೊಳಕ್ಕೇ ಬಂದಿದ್ದರು. ನಾವು ಕಾಫಿ ಕೊಟ್ಟು ಕಳಿಸಿದೆವು.

ವಿಷಯ ತಿಳಿದದ್ದು ದೊಡ್ಡವೆಂಕಟಪ್ಪ ಬಂದ ದಿನ. ರಾಯಲ್ಪಾಡಿನ ಮಾವಿನ ವ್ಯಾಪಾರಿ, ಮಾತಿನ ನಡುವೆ ತೆಲುಗು ಬೆರೆಸುವವನು. ಯಲ್ದೂರಿನ ಸುತ್ತ ತೋಪುಗಳು, ಓಡಾಡುವ ಲಾರಿಗಳು, ಆ ಲಾರಿಗಳ ಡ್ರೈವರುಗಳಿಂದ ಬಂದ ರಕ್ತದೊತ್ತಡ. ಒಂದು ಬುಟ್ಟಿ ಬಾದಾಮಿ ಮಾವಿನ ಹಣ್ಣನ್ನು ರಾಯರ ಎದುರಿಗಿಟ್ಟು, ನೆಲದ ಮೇಲೇ ಕೂತ.

"ರಾಯರೇ, ನಿಮ್ಮ ಕಾರಿಗೆ ಡ್ರೈವರ್ ಬೇಕಿಲ್ಲವಂತೆ, ನಿಜಮಾ?"

"ಬೇಕಿಲ್ಲ," ಎಂದರು ರಾಯರು ಹೆಮ್ಮೆಯಿಂದ.

"ಪೆಟ್ರೋಲು?"

"ಅದೂ ಬೇಡ. ಬ್ಯಾಟರಿ."

"ಅಬ್ಬಬ್ಬಬ್ಬಾ! ಮತ್ತೆ ಬೀಡಿ, ಬಿರಿಯಾನಿ, ಬತ್ತಾ, ಏನೂ ಕೇಳಲ್ವಾ?"

"ಕಾರು ಯಾಕೆ ಬಿರಿಯಾನಿ ಕೇಳತ್ತೆ?"

"ಅದೇ ನಾನು ಹೇಳಿದ್ದು! ನನ್ನ ತೋಪಿಂದ ಮಂಡಿಗೆ ಹಣ್ಣು ಹೊಡೆಯೋಕೆ ಎಷ್ಟು ಹಾಕ್ಬೋದು ಅದ್ರಾಗೆ?"

ಆಗ ರಾಯರ ತಲೆಯೊಳಗೆ ದೀಪ ಹತ್ತಿತು. ಹತ್ತಿದ ಕೂಡಲೇ ಹಣ್ಣಿನ ಬುಟ್ಟಿಯನ್ನು ಮೆಲ್ಲಗೆ ಅವನ ಕಡೆಗೇ ತಳ್ಳಿದರು.

"ಸ್ವಾಮೀ, ತಾವು ತಪ್ಪು ತಿಳ್ಕೊಂಡಿದೀರಿ. ಅದು ತೀರಾ ಚಿಕ್ಕ ಕಾರು."

"ಚಿಕ್ಕದೇ ಬೇಕು. ನಮ್ಮ ತೋಪಿನ ದಾರಿ ಇಕ್ಕಟ್ಟು."

"ಹೊಸ್ತಿಲೂ ಹತ್ತಲ್ಲ."

"ತೋಪಿಗೆ ಹೊಸ್ತಿಲು ಎಲ್ಲಿದೆ?"

"ಎಡಕ್ಕೆ ತಿರುಗೋದೇ ಇಲ್ಲ."

"ನಮ್ಮ ಡ್ರೈವರು ಢಾಬಾ ಕಡೆ ಬಿಟ್ರೆ ಯಾವ ಕಡೀಕೂ ತಿರುಗಲ್ಲ ರಾಯರೇ. ಇದು ಬಲಕ್ಕಾದ್ರೂ ತಿರುಗತ್ತಲ್ಲ!"

ರಾಯರು ಅಳುವ ದನಿಯಲ್ಲಿ ಅಂದರು, "ಅಯ್ಯೋ, ಅದು ಆಟದ ಕಾರು ಸ್ವಾಮೀ! ಆಟದ್ದು!"

ದೊಡ್ಡವೆಂಕಟಪ್ಪನ ಕಣ್ಣು ಒದ್ದೆಯಾದವು. ಎರಡೂ ಕೈ ಜೋಡಿಸಿದ. "ಚೂಡಂಡಿ, ನೋಡಿ, ಎಂಥ ಮಾತು! ನಮ್ಮಂಥೋರಿಗೆ ಕನಸಲ್ಲೂ ಆಗದ ಕೆಲಸ, ನಿಮಗೆ ಆಟ. ದೊಡ್ಡೋರು ಅಂದ್ರೆ ಹೀಗಿರಬೇಕು."

ಕಾರನ್ನು ತೋರಿಸಿಬಿಡೋಣವೆಂದರೆ ಅದು ಬೆಸುಗೆಗೆಂದು ಗೌಸ್ ಭಾಯ್ ಅಂಗಡಿಯಲ್ಲಿತ್ತು. ದೊಡ್ಡವೆಂಕಟಪ್ಪ ಕಾಯಲಿಲ್ಲ. ಬರುವ ಶನಿವಾರ ಯಲ್ದೂರಿನ ತನ್ನ ತೋಪಿನಲ್ಲಿ ಮಾವು ಬೆಳೆಗಾರರ ಸಭೆ. ಎಲ್ಲರ ಎದುರಿಗೆ ಕಾರು ಓಡಿಸಿ ತೋರಿಸಬೇಕು. ಹೆಂಡತಿ, ಜೊತೆಗೆ ಕೆಲಸ ಮಾಡಿದ ಮೇಸ್ತ್ರಿ ಎಲ್ಲರನ್ನೂ ಕರಕೊಂಡು ಬರಬೇಕು. ಜೀಪು ತಾನೇ ಕಳಿಸುತ್ತೇನೆ. ಇಷ್ಟು ಹೇಳಿ ಹೊರಟುಹೋದ.

"ನೀವು ನಿಜ ಹೇಳ್ಬಾರ್ದಿತ್ತೇನ್ರೀ?" ಎಂದರು ರಾಧಮ್ಮ.

"ಎಲ್ಲಾ ನಿಜಾನೇ ಹೇಳ್ದೆ ಕಣೇ. ನಾನು ನಿಜ ಹೇಳಿದಷ್ಟೂ ಅವನು ಕೈ ಮುಗೀತಾ ಹೋದ."

ರಾಧಮ್ಮ ಹಣ್ಣಿನ ಬುಟ್ಟಿಯನ್ನು ಒಳಗೆ ಇಟ್ಟು ಬಂದರು. ಆಮೇಲೆ ಮೆಲ್ಲಗೆ, "ಆಟದ್ದು ಅನ್ನೋ ಒಂದು ಮಾತು ನಾನೇ ಭಾರತಮ್ಮನಿಗೆ ಹೇಳ್ಳಿಲ್ಲ," ಎಂದರು.

ಮಾರನೆಯ ದಿನದಿಂದ ಆಟೋ ಒಂದಕ್ಕೆ ಮೈಕು ಕಟ್ಟಿ ದೊಡ್ಡವೆಂಕಟಪ್ಪನ ಕಡೆಯವರು ಶ್ರೀನಿವಾಸಪುರ ತಾಲ್ಲೂಕೆಲ್ಲ ಸುತ್ತಿದರು. "ಡ್ರೈವರ್ ಇಲ್ಲದ ಕಾರು! ಪೆಟ್ರೋಲ್ ಇಲ್ಲದ ಕಾರು! ಮುಳಬಾಗಿಲಿನ ಮಹಾ ಮೇಧಾವಿಗಳಿಂದ! ರಂಡಿ, ಬನ್ನಿ, ನೋಡಿ!" ತೆಲುಗು, ಕನ್ನಡ ಬೆರೆಸಿದ ಈ ಕೂಗು ಮೋಟಾರು ವಾಹನ ಇನ್ಸ್‌ಪೆಕ್ಟರರೊಬ್ಬರ ಕಿವಿಗೂ ಬಿತ್ತು. ಅವರು ಕಟ್ಟುನಿಟ್ಟಿನ ಮನುಷ್ಯ. ನಂಬರಿಲ್ಲದ, ನೋಂದಣಿಯಿಲ್ಲದ, ಡ್ರೈವರಿಗೆ ಲೈಸೆನ್ಸಿರಲಿ ಡ್ರೈವರೇ ಇಲ್ಲದ ವಾಹನವೊಂದು ತಮ್ಮ ಸರಹದ್ದಿನಲ್ಲಿ ಓಡಲಿದೆ ಎಂದು ಕೇಳಿ ಅವರಿಗೆ ಎರಡು ದಿನ ಊಟ ಸೇರಲಿಲ್ಲವಂತೆ.

ಶನಿವಾರ ತೋಪಿನಲ್ಲಿ ಜನವೋ ಜನ. ಮರಗಳ ನಡುವೆ ಶಾಮಿಯಾನ, ಬಣ್ಣದ ಕಾಗದ, ಮೈಕು, ಫ್ಯಾನು, ಇದಕ್ಕೆಲ್ಲ ಕರೆಂಟು ಕೊಡಲು ಹಿಂದೆ ಗಡಗಡ ಎನ್ನುವ ಒಂದು ಪೆಟ್ರೋಲ್ ಜನರೇಟರು. ಕಾರು ಓಡಲೆಂದು ದೊಡ್ಡವೆಂಕಟಪ್ಪ ದಾರಿ ಅಗಲ ಮಾಡಿಸಿ, ಎರಡು ಕಡೆ ಹಗ್ಗ ಕಟ್ಟಿಸಿದ್ದ. ಮುಂದಿನ ಸಾಲಿನಲ್ಲಿ ಅವನ ತಾಯಿ ಮುತ್ಯಾಲಮ್ಮ ಕೂತಿದ್ದಳು. ವಯಸ್ಸಾದ ಜೀವ; ಆ ತೋಪಿನ ಒಂದೊಂದು ಗಿಡಕ್ಕೂ ನೀರು ಹೊತ್ತವಳು. ಪಕ್ಕದಲ್ಲಿ ಸಮವಸ್ತ್ರದ ಇನ್ಸ್‌ಪೆಕ್ಟರು. ವೇದಿಕೆಯ ಮೇಲೆ ರಾಯರು, ರಾಧಮ್ಮ, ಅತ್ತರು ಹಾಕಿ ಹೊಸ ಟೋಪಿ ಇಟ್ಟುಕೊಂಡ ಗೌಸ್ ಭಾಯ್. ರಾಯರ ತೊಡೆಯ ಮೇಲೆ ಒಂದು ಚಪ್ಪಲಿ ಡಬ್ಬಿ.

ದೊಡ್ಡವೆಂಕಟಪ್ಪ ಮೈಕಿನಲ್ಲಿ ಹೊಗಳಿದ್ದೇ ಹೊಗಳಿದ್ದು. ಜನ ಚಪ್ಪಾಳೆ ತಟ್ಟಿದರು. ರಾಯರು ಎದ್ದು ಮೈಕಿನ ಮುಂದೆ ನಿಂತರು.

"ಮಹನೀಯರೇ, ನಾನು ಕಾರು ತಂದಿದ್ದೀನಿ."

ಎಲ್ಲರೂ ಒಟ್ಟಿಗೆ ಕತ್ತು ತಿರುಗಿಸಿ ರಸ್ತೆಯ ಕಡೆ ನೋಡಿದರು. ರಸ್ತೆಯಲ್ಲಿ ಒಂದು ಎಮ್ಮೆ ಬಿಟ್ಟರೆ ಏನೂ ಇರಲಿಲ್ಲ.

"ಅಲ್ಲಲ್ಲ. ಇಲ್ಲಿ," ಎಂದು ರಾಯರು ಡಬ್ಬಿ ತೆರೆದರು.

ವೇದಿಕೆಯಿಂದ ಇಳಿದು, ಅಗಲ ಮಾಡಿಸಿದ ಆ ದಾರಿಯ ನಡುವೆ, ಉಪ್ಪಿನಕಾಯಿ ಮುಚ್ಚಳದ ಚಕ್ರಗಳ ಮೇಲೆ, ಗೇಣುದ್ದದ ಕಾರನ್ನು ನಿಲ್ಲಿಸಿದರು. "ಇದು ಆಟದ ಕಾರು. ಮೊದಲಿಂದಲೂ ಆಟದ್ದೇ. ನಿಮ್ಮನ್ನೆಲ್ಲ ಇಲ್ಲೀವರೆಗೂ ಬರೋ ಹಾಗೆ ಮಾಡಿದ್ದಕ್ಕೆ ಕ್ಷಮಿಸಿ."

ಹಿಂದಿನ ಸಾಲಿನಲ್ಲಿ ಒಂದು ನಗು ಶುರುವಾಯಿತು. ಶ್ರೀನಿವಾಸಪುರದ ಇನ್ನೊಬ್ಬ ವ್ಯಾಪಾರಿ, ದೊಡ್ಡವೆಂಕಟಪ್ಪನಿಗೆ ಆಗದವನು, ಎದ್ದು ಕೂಗಿದ: "ಏಮಯ್ಯಾ ದೊಡ್ಡವೆಂಕಟಪ್ಪಾ! ಇದ್ರಾಗೆ ಎಷ್ಟು ಟನ್ನು ಹಾಕ್ತೀಯಾ?" ನಗು ಸಾಲಿನಿಂದ ಸಾಲಿಗೆ ಹಬ್ಬಿತು. ದೊಡ್ಡವೆಂಕಟಪ್ಪನ ಮುಖ ಇಳಿದು ಹೋಯಿತು. ಊರೂರಿಗೆ ಮೈಕು ಕಳಿಸಿದವನು. ಈಗ ತಲೆ ಎತ್ತಲಾರದೆ ನಿಂತ. ರಾಯರಿಗೆ ತಮ್ಮ ಅವಮಾನಕ್ಕಿಂತ ಆ ಮುಖ ನೋಡುವುದೇ ಕಷ್ಟವಾಯಿತು.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಎದ್ದು ಬಂದು ಕಾರನ್ನು ಮಗುಚಿ ಹಿಡಿದು ನೋಡಿದರು.

"ಯಾವ ಗಾತ್ರದ್ದಾದ್ರೂ ವಾಹನ ವಾಹನವೇ. ಚಾಸಿ ನಂಬರ್ ಎಲ್ಲಿ?" ತಗಡಿನ ಮೇಲೆ ಏನೋ ಅಚ್ಚಾಗಿತ್ತು. ಗಂಭೀರವಾಗಿ ಓದಿದರು: "ಶುದ್ಧ... ಹಸುವಿನ... ತುಪ್ಪ. ಬ್ಯಾಚ್ ನಂಬರ್ ಇದೆ. ಸರಿ. ಓಡಿಸಿ ತೋರಿಸಿ."

ಅವರು ಕೆಳಗಿಟ್ಟರು. ರಾಯರು ಬಗ್ಗಿ ಕಾರಿನ ಬ್ಯಾಟರಿಯ ಸ್ವಿಚ್ಚು ಹಾಕಿದರು. ರಾಯರು ಇನ್ನೂ ಸೋಪಿನ ಡಬ್ಬಿಯನ್ನು ಕೈಗೆ ತೆಗೆದುಕೊಂಡಿರಲೇ ಇಲ್ಲ, ಕಾರು ತಾನಾಗಿ ಹೊರಟು ಇನ್ಸ್‌ಪೆಕ್ಟರರ ಬೂಟಿನ ಸುತ್ತ ಗಿರ್ರನೆ ಸುತ್ತತೊಡಗಿತು. ಅವರು ಒಂದು ಕಾಲು ಎತ್ತಿದರು. ಅದು ಇನ್ನೊಂದು ಕಾಲನ್ನು ಸುತ್ತಿತು. ಜನ ಬಿದ್ದು ಬಿದ್ದು ನಕ್ಕರು. ರಾಯರು ಗುಂಡಿ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು; ಕಾರು ಕೇಳಲಿಲ್ಲ.

"ಜನರೇಟರು ಸಾಮಿ! ಜನರೇಟರು!" ಎಂದು ಗೌಸ್ ಭಾಯ್ ಟೋಪಿ ಕೈಯಲ್ಲಿ ಹಿಡಿದು ಓಡಿದರು. "ಬಂದ್ ಕರೋ! ಅದನ್ನ ನಿಲ್ಸಿ ಮೊದ್ಲು!"

ಜನರೇಟರು ನಿಂತಿತು. ಮೈಕು ಸತ್ತಿತು, ಫ್ಯಾನು ನಿಂತವು, ಕಾರೂ ನಿಂತಿತು. ಅಷ್ಟು ಹೊತ್ತಿನ ಗಡಗಡ ಹೋಗಿ ತೋಪು ಒಮ್ಮೆಲೇ ನಿಶ್ಶಬ್ದವಾದಾಗ ನಗುತ್ತಿದ್ದವರೂ ಯಾಕೋ ಬಾಯಿ ಮುಚ್ಚಿದರು.

ಆ ನಿಶ್ಶಬ್ದದಲ್ಲಿ ರಾಯರು ಛತ್ರಿಯ ಕಡ್ಡಿಯನ್ನು ಮೇಲೆತ್ತಿ ಗುಂಡಿ ಒತ್ತಿದರು.

ಕಾರು ಕದಲಿತು. ಸಣ್ಣಗೆ, ಜೇನುಹುಳದ ಹಾಗೆ ಅದರ ಮೋಟಾರಿನ ಸದ್ದು. ಗುಂಡಿ ಬಿಟ್ಟರು, ನಿಂತಿತು. ಒತ್ತಿದರು, ಹೊರಟಿತು. ಅದಕ್ಕೂ ರಾಯರಿಗೂ ನಡುವೆ ಒಂದು ದಾರವೂ ಇರಲಿಲ್ಲ. ಮುಂದಿನ ಸಾಲಿನವರು ಕುರ್ಚಿ ಬಿಟ್ಟು ಬಗ್ಗಿದರು. ಹಿಂದಿನವರು ಕುರ್ಚಿಯ ಮೇಲೆ ನಿಂತರು. ಯಾರೋ ಒಬ್ಬ ರಾಯರ ಕೈಗೂ ಕಾರಿಗೂ ನಡುವೆ ಗಾಳಿಯಲ್ಲಿ ಕೈಯಾಡಿಸಿ ನೋಡಿ, "ಏನೂ ಇಲ್ಲ ಕಣ್ರಲಾ!" ಎಂದ.

ದೊಡ್ಡವೆಂಕಟಪ್ಪ ತಲೆ ಎತ್ತಿದ. ಏನು ತೋಚಿತೋ, ಪಕ್ಕದಲ್ಲಿದ್ದ ಹಣ್ಣಿನ ಬುಟ್ಟಿಯಿಂದ ಒಂದು ದಪ್ಪ ತೋತಾಪುರಿ ಮಾವು ತಂದು ಕಾರಿನ ಬೆನ್ನ ಮೇಲಿಟ್ಟ. ಕಾರು ಕುಸಿದು ಕೂತಿತು. ಚಕ್ರ ತಿರುಗಲಿಲ್ಲ. "ಅಯ್ಯೋ," ಎಂದರು ಜನ. ನಗುವುದಕ್ಕಲ್ಲ, ನಿಜವಾಗಿಯೇ ಅಯ್ಯೋ ಎಂದರು.

"ಅಷ್ಟು ದೊಡ್ಡದು ಯಾಕೆ ಇಡ್ತೀರಿ?" ವೇದಿಕೆಯಿಂದ ರಾಧಮ್ಮನವರ ದನಿ ಬಂತು. ಸೆರಗು ಸಿಕ್ಕಿಸಿಕೊಂಡು ಇಳಿದೇ ಬಂದರು. ಬುಟ್ಟಿಗಳಲ್ಲಿ ಕೈಯಾಡಿಸಿ, ನೆಲ್ಲಿಕಾಯಿಗಿಂತ ಸ್ವಲ್ಪವೇ ದೊಡ್ಡದಾದ ಒಂದು ಸಕ್ಕರೆಗುತ್ತಿ ಹಣ್ಣನ್ನು ಆರಿಸಿ, ತಾವೇ ಬಗ್ಗಿ ಕಾರಿನ ಮೇಲಿಟ್ಟರು. "ಈಗ ಒತ್ರೀ. ಆ ಅಜ್ಜಿಗೆ ಕಳಿಸಿ."

ಮುತ್ಯಾಲಮ್ಮ ಕೂತಿದ್ದದ್ದು ಎಡಗಡೆ.

ರಾಯರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಬಲಕ್ಕೆ ತಿರುಗಿಸಿದರು. ಕಾರು ಮುತ್ಯಾಲಮ್ಮನಿಗೆ ಬೆನ್ನು ಹಾಕಿ ಹೊರಟಿತು. "ಅಲ್ಲಲ್ಲ, ಎಡಮಕಿ, ಎಡಮಕಿ!" ಎಂದು ಅರ್ಧ ಜನ ತೆಲುಗಿನಲ್ಲಿ ಕೂಗಿದರು. "ಅದಕ್ಕೆ ಎಡ ಬರಲ್ಲ, ಬಲಕ್ಕೇ ಹೋಗ್ಲಿ ಬಿಡ್ರೀ!" ಎಂದು ಇನ್ನರ್ಧ ಜನ ಕನ್ನಡದಲ್ಲಿ ಅವರನ್ನು ಗದರಿದರು. ಕಾರು ಮತ್ತೆ ಬಲಕ್ಕೆ ತಿರುಗಿತು. ಒಂದು ಮಾವಿನ ಬೇರನ್ನು ತಪ್ಪಿಸಿತು. ಇನ್ನೊಮ್ಮೆ ಬಲಕ್ಕೆ. ಒಂದು ಕಲ್ಲಿಗೆ ತಾಗಿ ಹಣ್ಣು ಅಲ್ಲಾಡಿತು, ಇನ್ನೂರು ಜನ ಉಸಿರು ಹಿಡಿದರು, ಹಣ್ಣು ಬೀಳಲಿಲ್ಲ. ದೊಡ್ಡ ಒಂದು ಸುತ್ತು ಹಾಕಿ, ದಾರಿ ಬಿಟ್ಟ ಜನರ ಕಾಲುಗಳ ನಡುವೆ ಹಾದು, ಅದು ಮುತ್ಯಾಲಮ್ಮನ ಪಾದದ ಮುಂದೆ ಬಂದು ನಿಂತಿತು.

ಅಜ್ಜಿ ಹಣ್ಣೆತ್ತಿಕೊಂಡಳು. ಬಗ್ಗಿ ಕಾರಿನೊಳಗೆ ಇಣುಕಿದಳು.

"ಲೋಪಲ ಎವರೂ ಲೇರಾ?" ಒಳಗೆ ಯಾರೂ ಇಲ್ಲವೇ ಎಂದು ಮಗನನ್ನು ಕೇಳಿದಳು.

"ಯಾರೂ ಇಲ್ಲಮ್ಮಾ."

"ಮತ್ತೆ ಹಣ್ಣು ಪೂರ್ತಿ ಬಂದಿದೆಯಲ್ಲೋ!"

ದೊಡ್ಡವೆಂಕಟಪ್ಪ ಆ ಮಾತನ್ನೇ ಹಿಡಿದುಕೊಂಡ. ಬೆಂಚಿನ ಮೇಲೆ ಹತ್ತಿ ನಿಂತ. ಮೈಕಿಲ್ಲದಿದ್ದರೂ ಅವನ ಗಂಟಲು ಸಾಕಾಗಿತ್ತು. "ಕೇಳಿದ್ರೇನ್ರಯ್ಯಾ ನಮ್ಮಮ್ಮ ಅಂದಿದ್ದು? ನನ್ನ ಲಾರಿ ಡ್ರೈವರಿಗೆ ನೂರು ಬುಟ್ಟಿ ಕೊಟ್ರೆ ತೊಂಬತ್ತು ಇಳಿಸ್ತಾನೆ. ಈ ಕಾರಿಗೆ ಒಂದು ಕೊಟ್ವಿ, ಒಂದು ತಂತು! ದೊಡ್ಡ ಗಾಡಿ ಯಾವುದು, ಚಿಕ್ಕ ಗಾಡಿ ಯಾವುದು, ನೀವೇ ಹೇಳಿ!"

ಚಪ್ಪಾಳೆಗೆ ಮರದ ಮೇಲಿದ್ದ ಗಿಳಿಗಳೆಲ್ಲ ಎದ್ದು ಹಾರಿದವು. ಟನ್ನಿನ ಲೆಕ್ಕ ಕೇಳಿದ್ದ ಶ್ರೀನಿವಾಸಪುರದ ವ್ಯಾಪಾರಿ ಎಲ್ಲರಿಗಿಂತ ಮೊದಲು ಓಡಿ ಬಂದು, "ರಾಯರೇ, ನಂಗೂ ಒಂದು ಸಲ ಒತ್ತಕ್ಕೆ ಕೊಡ್ರೀ," ಎಂದು ಕೈ ಚಾಚಿದ.

"ಯಾರೂ ಮುಟ್ಟಬಾರ್ದು!" ಇನ್ಸ್‌ಪೆಕ್ಟರು ಗುಡುಗಿದರು. "ವಾಹನವನ್ನ ಇಲಾಖೆ ಮೊದಲು ತಪಾಸಣೆ ಮಾಡಬೇಕು."

ತಪಾಸಣೆ ಶುರುವಾಯಿತು. ಮೊದಲು ನಿಂತು ಮಾಡಿದರು. ಆಮೇಲೆ ಟೋಪಿ ತೆಗೆದು ಕುಕ್ಕರುಗಾಲಲ್ಲಿ ಕೂತು ಮಾಡಿದರು. ಕೊನೆಗೆ ಖಾಕಿ ಪ್ಯಾಂಟಿನ ಮೊಣಕಾಲು ಮಣ್ಣಾಗುವುದನ್ನೂ ಲೆಕ್ಕಿಸದೆ ಮಾವಿನ ಬೇರುಗಳ ನಡುವೆ ಕಾರಿನ ಹಿಂದೆ ತೆವಳುತ್ತಾ, ಬಾಯಲ್ಲಿ ಪೀಂ ಪೀಂ ಎಂದು ಹಾರನ್ನನ್ನೂ ತಾವೇ ಮಾಡುತ್ತಾ, ಬ್ಯಾಟರಿ ಮುಗಿದು ಕಾರು ತೂಕಡಿಸುವವರೆಗೂ ಬಿಡಲಿಲ್ಲ. ಎದ್ದು ಪ್ಯಾಂಟು ಒರೆಸಿಕೊಂಡು, ಮುಖ ಗಂಭೀರ ಮಾಡಿಕೊಂಡು ತೀರ್ಪು ಕೊಟ್ಟರು.

"ಎಲ್ಲಾ ಸರಿಯಾಗಿದೆ. ಎಡಗಡೆ ಇಂಡಿಕೇಟರ್ ಇಲ್ಲ. ಅದರ ಅಗತ್ಯವೂ ಕಂಡುಬಂದಿಲ್ಲ."

ಆವತ್ತು ರಾಯರಿಗೆ, ಗೌಸ್ ಭಾಯ್‌ಗೆ ಹಾರ ಹಾಕಿದರು. ದೊಡ್ಡವೆಂಕಟಪ್ಪ ಜೀಪಿನಲ್ಲೇ ವಾಪಸು ಕಳಿಸುತ್ತೇನೆಂದು ಹೊರಟ. ನೋಡಿದರೆ ಜೀಪಿನ ಡ್ರೈವರು ಎಲ್ಲಿಯೋ ಹೋಗಿದ್ದ. ಮೂವರೂ ಸಂಜೆಯ ಬಸ್ಸು ಹತ್ತಿದರು. ರಾಯರ ತೊಡೆಯ ಮೇಲೆ ಚಪ್ಪಲಿ ಡಬ್ಬಿ, ಕೊರಳಲ್ಲಿ ತೆಗೆಯಲು ಮರೆತ ಹಾರ.

ಕಂಡಕ್ಟರ್ ಹತ್ತಿರ ಬಂದವನು ಹಾರ ನೋಡಿದ, ಡಬ್ಬಿ ನೋಡಿದ. "ಏನು ಸಾರ್ ಅದ್ರಲ್ಲಿ, ಅಷ್ಟು ಜೋಪಾನ ಮಾಡ್ತಿದೀರಿ?"

ಪಾಠ ಕಲಿತಿದ್ದ ರಾಯರು ಈ ಸಲ ಒಂದಕ್ಷರವೂ ಬಿಡದೆ ಸ್ಪಷ್ಟವಾಗಿ ಹೇಳಿದರು: "ಆಟದ ಕಾರು ಕಣಪ್ಪಾ. ಆಟದ್ದು."

ಕಿಟಕಿಯ ಪಕ್ಕ ಕೂತಿದ್ದ ರಾಧಮ್ಮ ತಿರುಗಿದರು. ಗಂಡನ ತೊಡೆಯ ಮೇಲಿನ ಡಬ್ಬಿಯನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಇವರ ಮಾತು ಕೇಳ್ಬೇಡಪ್ಪ," ಎಂದರು, ಇಡೀ ಬಸ್ಸಿಗೆ ಕೇಳುವ ಹಾಗೆ. "ಕಾರು. ನಮ್ಮನೆಯವರೇ ಮಾಡಿದ್ದು."